ತೀವ್ರ ಆಕ್ಷೇಪ

ಎದ್ದು ನಿಂತು ಬೇಡ ಅನ್ನಬೇಕಾದವನು ತಾನೇ ಎಂಬುದು ದಿನಕರ ಹೆಗಡೆಗೆ ಹೊಳೆಯುವಷ್ಟರಲ್ಲಿ ಸಭೆ ಮುಂದಿನ ವಿಷಯಕ್ಕೆ ದಾಟಿಯಾಗಿತ್ತು. ಅವನ ಕೈಯಲ್ಲಿ ಪೆನ್ನಿತ್ತು. ವಿಷಯಪಟ್ಟಿಯ ಖಾಲಿ ಬೆನ್ನಿನ ಮೇಲೆ, ಇಪ್ಪತ್ತು ವರ್ಷ ಪತ್ರಿಕೆಗೆ ಸುದ್ದಿ ಬರೆದ ಅದೇ ಅವಸರದ ಅಕ್ಷರದಲ್ಲಿ ಬರೆದುಕೊಂಡಿದ್ದ: ಗಿರಣಿ ಓಣಿಯ ಸಾರ್ವಜನಿಕ ನಳ ತೆರವು, ಯಾರೂ ವಿರೋಧಿಸಲಿಲ್ಲ, ಒಪ್ಪಿಗೆ. ಗಿರಣಿ ಓಣಿ ಅವನದೇ ವಾರ್ಡು. ಅಲ್ಲಿಂದ ಗೆದ್ದು ಬಂದು ನಗರಸಭೆಯ ಈ ಸಭಾಂಗಣದ ಎರಡನೇ ಸಾಲಿನಲ್ಲಿ, ಹೆಸರಿನ ಫಲಕದ ಹಿಂದೆ ಕೂತು ಒಂದು ವರ್ಷವಾಗುತ್ತ ಬಂದಿತ್ತು. ಗುಮಾಸ್ತ ಆ ವಿಷಯ ಓದುವಾಗ ಅವನು ನಿದ್ದೆ ಮಾಡುತ್ತಿರಲಿಲ್ಲ, ಮೊಬೈಲು ನೋಡುತ್ತಿರಲಿಲ್ಲ. ಪ್ರತಿ ಪದವನ್ನೂ ಕೇಳಿದ್ದ. ಕೇಳಿದ್ದಷ್ಟೇ ಅಲ್ಲ, ಒಳಗೊಳಗೇ ಸಣ್ಣದೊಂದು ಖುಷಿಯನ್ನೂ ಅನುಭವಿಸಿದ್ದ. ಈಗ ಯಾರಾದರೂ ಏಳುತ್ತಾರೆ, ಬಡವರ ನೀರು ಕಿತ್ತುಕೊಳ್ಳುತ್ತೀರಾ ಎಂದು ಮೇಜು ಬಡಿಯುತ್ತಾರೆ, ಪುಟದ ಮೇಲ್ಭಾಗಕ್ಕೆ ಹೋಗುವಂಥ ಜಗಳವೊಂದು ಹುಟ್ಟುತ್ತದೆ ಎಂದು ಪೆನ್ನಿನ ಮೊನೆಯನ್ನು ಕಾಗದಕ್ಕೆ ತಾಗಿಸಿಕೊಂಡು ಕಾದಿದ್ದ. ಸಾಲುಸಾಲಾಗಿ ಮುಖಗಳನ್ನು ನೋಡಿದ್ದ. ಹಿರಿಯ ಸದಸ್ಯ ಶಿವಲಿಂಗಪ್ಪ ಎಲೆಯಡಿಕೆಯ ಕವಳ ತುಂಬಿದ ಬಾಯಿಯಲ್ಲೇ ‘ಪಾಸ್, ಪಾಸ್, ಮುಂದ ಹೋಗ್ರಿ’ ಎಂದು ಮೇಜನ್ನು ಬೆರಳ ಗೆಣ್ಣಿನಿಂದ ತಟ್ಟಿದ್ದರು. ಅಧ್ಯಕ್ಷೆ ಶಿಲ್ಪಾ ಕತ್ತೆತ್ತಿ ನೇರವಾಗಿ ಈ ಕಡೆ ನೋಡಿದ್ದರು. ಒಂದು ಕ್ಷಣ ಹೆಚ್ಚೇ ನೋಡಿದ್ದರು. ಯಾರನ್ನು ನೋಡುತ್ತಿದ್ದಾರೆಂದು ತಿಳಿಯಲು ದಿನಕರ ಹಿಂದೆ ತಿರುಗಿ ನೋಡಿದ್ದ. ಹಿಂದೆ, ಗೋಡೆಗೆ ತಾಗಿ, ಪತ್ರಕರ್ತರಿಗೆಂದು ಹಾಕಿದ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಅಲ್ಲಿ ಯಾರೂ ಇರಲಿಲ್ಲ.

ಆಮೇಲೆ ಏನೇನು ಓದಿದರೋ, ಬೀದಿದೀಪದ ಮಾತು, ಬೀದಿನಾಯಿಯ ಮಾತು, ಎಲ್ಲವೂ ನೀರೊಳಗಿಂದ ಕೇಳಿದ ಹಾಗೆ ಕೇಳಿಸಿತು. ಈಗಲೂ ಎದ್ದು ನಿಲ್ಲಬಹುದಲ್ಲ ಎಂದುಕೊಂಡ. ಕ್ಷಮಿಸಿ, ಹಿಂದಿನ ವಿಷಯಕ್ಕೆ ಬರೋಣ ಅನ್ನಬಹುದು. ಆ ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡ. ಅದು ಯಾರೋ ಸದಸ್ಯರೊಬ್ಬರು ಹೇಳಿದ ಹಾಗೆ, ಉದ್ಧರಣ ಚಿಹ್ನೆಯೊಳಗೆ ಕೇಳಿಸಿತು. ಮೊಣಕಾಲು ಮೇಜಿನ ಅಡಿಪಟ್ಟಿಗೆ ತಾಗಿ ನಿಂತಿತ್ತು. ವರದಿಗಾರನಾಗಿದ್ದಾಗ ಎಷ್ಟು ಸಭೆಗಳಲ್ಲಿ ಕೂತಿದ್ದ! ಆ ಕೋಣೆಗಳಲ್ಲಿ ಅವನು ಇದ್ದೂ ಇರಲಿಲ್ಲ. ಇಲ್ಲದಿರುವುದೇ ಅವನ ಕೆಲಸವಾಗಿತ್ತು. ಸುದ್ದಿಯಲ್ಲಿ ನಾನು ಎಂದು ಬರೆಯುವ ಹಾಗಿರಲಿಲ್ಲ. ಭೈರುಂಬೆ ಕಡೆಯ ಹೊಳೆಯಲ್ಲಿ ಈಜಲು ಬಂದವನೊಬ್ಬ ಮುಳುಗಿ ಸತ್ತ ದಿನ, ಬಂಡೆಯ ಮೇಲೆ ಮಲಗಿಸಿದ ಒದ್ದೆ ಮೈಯ ಪಕ್ಕ ಅವನ ತಾಯಿ ಕೂಗಾಡುತ್ತಿದ್ದಾಗ, ದಿನಕರ ಬಗ್ಗಿ, ಅತ್ಯಂತ ಮೆದುವಾದ ದನಿಯಲ್ಲಿ, ವಯಸ್ಸೆಷ್ಟಮ್ಮಾ ಎಂದು ಕೇಳಿದ್ದ. ಅವಳು ಅಳು ನಿಲ್ಲಿಸಿ, ಶಾಲೆಯಲ್ಲಿ ಮಾಸ್ತರರಿಗೆ ಉತ್ತರ ಕೊಡುವ ಹಾಗೆ, ಇಪ್ಪತ್ತೆರಡು ಎಂದಿದ್ದಳು. ಆಮೇಲೆ ಮತ್ತೆ ಅಳತೊಡಗಿದ್ದಳು. ಅವನು ಇಪ್ಪತ್ತೆರಡು ಎಂದು ಬರೆದುಕೊಂಡಿದ್ದ.

ಸಭೆ ಮುಗಿದು ಚಹಾ, ಗೋಡಂಬಿ ಬಿಸ್ಕೀಟು ಬಂದವು. ದಿನಕರ ಲೋಟ ಹಿಡಿದುಕೊಂಡು ಅಧ್ಯಕ್ಷೆಯ ಹತ್ತಿರ ಹೋದ. ಅವರ ಸುತ್ತ ನಿಂತು ನಗುತ್ತಿದ್ದವರು ಅವನು ಬಂದೊಡನೆ ಮಾತು ಬದಲಿಸಿ ಸೆಖೆಯ ಬಗ್ಗೆ ಮಾತಾಡಿದರು. ಗೆದ್ದ ದಿನದಿಂದಲೂ ಹೀಗೇ. ಪೇಪರಿನವ ಬಂದ ಎಂದು ಇವರು ಸುಮ್ಮನಾಗುತ್ತಾರೆ. ಅವನನ್ನು ಸೇರಿಸಿಕೊಂಡ ಸದಸ್ಯರ ವಾಟ್ಸಾಪ್ ಗುಂಪಿನಲ್ಲಿ ಶುಭೋದಯದ ಹೂವಿನ ಚಿತ್ರಗಳ ಹೊರತು ಏನೂ ಬರುತ್ತಿರಲಿಲ್ಲ. ನಿಜವಾದ ಮಾತೆಲ್ಲ ನಡೆಯುವ ಇನ್ನೊಂದು ಗುಂಪು ಇದೆಯೆಂದು ಅವನಿಗೆ ಗೊತ್ತಿತ್ತು.

“ಮೇಡಂ, ಆ ಗಿರಣಿ ಓಣಿ ನಳದ ವಿಷಯ...”

“ಈಗ ಎಂತ ಹೇಳ್ತೀರಿ ಹೆಗಡೆಯವರೇ? ನಾ ನಿಮ್ಮನ್ನೇ ನೋಡಿದೆ. ಮಾತಾಡ್ತೀರೇನೋ ಅಂತ ಕಾದೆ. ನೀವು ಹಿಂದೆ ತಿರುಗಿ ಗೋಡೆ ನೋಡ್ತಾ ಕೂತ್ರಿ.”

“ಗಮನಕ್ಕೆ ಬರಲಿಲ್ಲ. ಅಲ್ಲೊಬ್ಬರು ಅಜ್ಜಿ ಇದ್ದಾರೆ. ಬಾಡಿಗೆ ಮನೆ. ಮನೆಯ ಮಾಲಕ ನೀರಿನ ಸಂಪರ್ಕ ಹಾಕಿಸಿಕೊಡೋದಿಲ್ಲ. ಆ ನಳ ಹೋದರೆ...”

“ಕಾಂಕ್ರೀಟ್ ರಸ್ತೆ ಬೇಕು ಅಂತ ಬರಕೊಟ್ಟವರು ನೀವೇ ಅಲ್ವಾ? ನಳ ಇದ್ದಲ್ಲೇ ರಸ್ತೆ ಬರೋದು. ನಾಳೆ ಬೆಳಿಗ್ಗೆ ಕೆಲಸ ಶುರು. ಅಲ್ಲೇ ವಿರೋಧ ಅಂದಿದ್ರೆ ನಾ ಮುಂದೆ ಹಾಕ್ತಿದ್ದೆ, ದೇವರಾಣೆ. ಈಗ ಎಲ್ಲರೂ ಒಪ್ಪಿದ್ದನ್ನ ನಾನೊಬ್ಳೇ ಹ್ಯಾಗೆ ತಡೆಯೋದು?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟವಾಯಿತು.

ಶಿವಲಿಂಗಪ್ಪ ಕಿಟಕಿಯಾಚೆ ಕವಳ ಉಗುಳಿ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. “ಹೆಗಡೇರ, ಒಂದ್ ಮಾತು ಕೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ಸಭಾಕ್ಕ ಬಂದೀರೋ, ವರದಿ ಮಾಡಾಕ ಬಂದೀರೋ? ನಮ್ಮ ಕಡೆ ಮದುವ್ಯಾಗ ಮದುಮಗನೇ ಫೋಟೋ ಹಿಡಿಯಾಕ ನಿಂತ್ರ ತಾಳಿ ಯಾರ್ರೀ ಕಟ್ಟಾವ್ರು?” ಎಲ್ಲರೂ ನಕ್ಕರು. ದಿನಕರನೂ ನಕ್ಕ. ಬಿಸ್ಕೀಟಿನ ಚೂರು ಗಂಟಲಲ್ಲಿ ಸಿಕ್ಕಿ ಕೆಮ್ಮು ಬಂತು, ಕೆಮ್ಮು ನಗುವಿನ ಭಾಗವೆಂಬಂತೆ ನಡೆದುಕೊಂಡ.

ಹೊರಗೆ ಮಾರ್ಚಿನ ಬಿಸಿಲು. ಸ್ಕೂಟರಿನ ಸೀಟು ಕಾದಿತ್ತು. ಗಿರಣಿ ಓಣಿಗೆ ಹೋಗಿ ಹೇಳಿಬಿಡುವುದೇ ಸರಿ ಎಂದು ಹೊರಟವನು ತಿರುವಿನಲ್ಲಿ ಕೈ ತಾನೇ ಬೇರೆ ಕಡೆ ತಿರುಗಿಸಿದ್ದನ್ನು ನೋಡಿದ. ಏನೆಂದು ಹೇಳುವುದು ಮುರಿಗೆವ್ವನಿಗೆ? ಬನವಾಸಿ ಕಡೆಯಿಂದ ಬಂದು, ಗಂಡ ಸತ್ತ ಮೇಲೂ ಹಿಂದೆ ಹೋಗದೆ, ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಬದುಕುವ ಮುದುಕಿ. ಹಿಟ್ಟು ನಾದಲು ನೀರು, ತೊಳೆಯಲು ನೀರು, ಎಲ್ಲವೂ ಮನೆಯೆದುರಿನ ಆ ನಳದ್ದೇ. ಮುಂಚೆ ಏರು ಹತ್ತಿ ದೊಡ್ಡ ರಸ್ತೆಯ ನಳದಿಂದ ತರುತ್ತಿದ್ದಳು. ದಿನಕರ ಅಲ್ಲಿಗೆ ಮೊದಲು ಹೋದದ್ದು ಸುದ್ದಿಗಾಗಿ. ಕೊಡ ಹಿಡಿದು ಏರು ಇಳಿಯುವ ಅವಳ ಫೋಟೋ ತೆಗೆಯುವಾಗ, ಅಜ್ಜೀ, ಕೊಡವನ್ನು ಸ್ವಲ್ಪ ಬೋರಲು ಹಿಡಿಯಿರಿ ಎಂದಿದ್ದ. ಅರ್ಧ ಕೊಡ ನೀರಿತ್ತು ಅದರಲ್ಲಿ. ಅವಳು ಅವನ ಮುಖ ನೋಡಿ, ಏನೂ ಕೇಳದೆ, ಪಕ್ಕದ ದಾಸವಾಳದ ಬುಡಕ್ಕೆ ನೀರು ಸುರಿದು ಬೋರಲು ಹಿಡಿದಿದ್ದಳು. ಸುದ್ದಿ ನಾಲ್ಕು ಕಾಲಂ ಬಂತು, ಮಳೆಗಾಲಕ್ಕೆ ಮುಂಚೆ ನಳ ಬಂತು. ಅವಳ ಪಾಲಿಗೆ ಅವನು ಅಂದಿನಿಂದ ಪೇಪರ್ ಹೆಗಡೇರು. ಚುನಾವಣೆಗೆ ಪಕ್ಷೇತರನಾಗಿ ನಿಂತಾಗ, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಮನೆಮನೆಗೆ ಅವನ ಮುಂದೆ ನಡೆದವಳು ಅವಳು. ‘ಹೊರಗ ನಿಂತು ಬರದು ನೀರು ತಂದಾರ, ಒಳಗ ಹೋದ್ರ ಇನ್ನೆಷ್ಟು ತಂದಾರು’ ಎಂದು ಅವಳು ಹೇಳುವಾಗ ದಿನಕರ ಹಿಂದೆ ನಿಂತು ಕೈಮುಗಿಯುತ್ತಿದ್ದ. ಆ ಮಾತು ತನಗೂ ಸರಿ ಎನ್ನಿಸಿತ್ತಲ್ಲ ಎಂಬುದು ಈಗ ನೆನಪಾಗಿ, ಹೆಲ್ಮೆಟ್ಟಿನೊಳಗೆ ಕಿವಿ ಬಿಸಿಯಾಯಿತು.

ಸ್ಕೂಟರು ನಿಂತದ್ದು ಬಸ್‌ಸ್ಟ್ಯಾಂಡಿನ ಪಕ್ಕದ ಹಳೆಯ ಹೋಟೆಲಿನೆದುರು. ಮೂಲೆಯ ಮೇಜು ಪತ್ರಕರ್ತರದ್ದು. ಎಷ್ಟೋ ವರ್ಷ ಮಧ್ಯಾಹ್ನ ಕಳೆದ ಮೇಲೆ ಅವರೆಲ್ಲ ಅಲ್ಲಿ ಸೇರಿ, ಬನ್ಸ್ ಮುರಿಯುತ್ತ, ದಿನದ ಸುದ್ದಿಯನ್ನೂ ಮುರಿದು ಹಂಚಿಕೊಳ್ಳುತ್ತಿದ್ದರು. ಒಬ್ಬ ಹೋದ ಕಾರ್ಯಕ್ರಮಕ್ಕೆ ಇನ್ನೊಬ್ಬ ಹೋಗಬೇಕಾಗಿರಲಿಲ್ಲ. ಹೋದವನು ಹೇಳುತ್ತಿದ್ದ, ಹೋಗದವರು ಬರೆದುಕೊಳ್ಳುತ್ತಿದ್ದರು. ಬೆಳಿಗ್ಗೆ ನಾಲ್ಕು ಪತ್ರಿಕೆಗಳಲ್ಲಿ ಒಂದೇ ಸುದ್ದಿ ಅಲ್ಪಸ್ವಲ್ಪ ಅಂಗಿ ಬದಲಿಸಿಕೊಂಡು ಬರುತ್ತಿತ್ತು. ಯಾರೂ ಯಾರಿಗೂ ಸುಳ್ಳು ಹೇಳುತ್ತಿರಲಿಲ್ಲ, ಅದೊಂದೇ ಕಟ್ಟಲೆ. ದಿನಕರ ಗೆದ್ದ ಸಂಜೆ ಇದೇ ಮೇಜಿನವರು ಅವನಿಗೆ ಶಾಲು ಹೊದಿಸಿದರು, ಮತ್ತು ಮನೆಗೆ ಹೋಗಿ ಫೋನು ತೆಗೆದು ನೋಡಿದರೆ, ಶಿರಸಿ, ಸಿದ್ದಾಪುರ, ಯಲ್ಲಾಪುರದ ವರದಿಗಾರರೆಲ್ಲ ಇದ್ದ ಗುಂಪಿನಿಂದ ಅವನನ್ನು ತೆಗೆದುಹಾಕಲಾಗಿತ್ತು. ತಪ್ಪೇನೂ ಅಲ್ಲ. ಅವನೇ ಅಡ್ಮಿನ್ ಆಗಿದ್ದರೆ ಅದನ್ನೇ ಮಾಡುತ್ತಿದ್ದ. ಆದರೂ ಶಾಲನ್ನು ಮಡಿಸಿ ಕಪಾಟಿನಲ್ಲಿಡುವಾಗ, ಅದು ಹೆಣದ ಮೇಲೆ ಹೊದಿಸುವ ಶಾಲಿನ ಹಾಗೆ ಕಂಡಿತ್ತು.

ಇವತ್ತು ಮೂಲೆಯಲ್ಲಿ ಗೋವಿಂದ ಭಟ್ಟ ಒಬ್ಬನೇ ಇದ್ದ. ಮಿಸಳ್ ತಟ್ಟೆಯ ತಳದ ರಸವನ್ನು ಚಮಚದಲ್ಲಿ ಬಳಿಯುತ್ತಿದ್ದ.

“ಬಾ ಮಾರಾಯಾ, ಕೂತ್ಕ. ಸದಸ್ಯರ ಸವಾರಿ ಇತ್ಲಾಗೆ ಬಪ್ಪದೇ ಅಪರೂಪ ಆಗೋತು.”

“ಉಳಿದವು ಎಲ್ಲಿ?”

“ಎಲ್ಲವ್ವೂ ಯಲ್ಲಾಪುರಕ್ಕೆ ಹೋಯ್ದ. ಮಂತ್ರಿ ಬತ್ನಡ. ಸಂಜಯ ಗಾಡಿ ತಂದಿದ್ದ. ಆ ತಿರುವಿನ ರಸ್ತೆಲ್ಲಿ ಯಂಗೆ ವಾಂತಿ ಬತ್ತು, ನಿಂಗೆ ಗೊತ್ತಿದ್ದಲಾ. ಆನು ಉಳ್ಕಂಡಿ.” ಗೋವಿಂದ ಕೈ ಒರೆಸಿಕೊಂಡು ಫೋನು ತೆಗೆದ. “ಇವತ್ತು ನಿಂಗಳ ಸಭೆ ಇತ್ತಲಾ. ನೆನಪೇ ಇಲ್ಲೆ ನೋಡು. ಹೇಳು, ಬರ್ಕತ್ತಿ.”

“ಆನು ಹೇಳದಾ?” ತಾನೇ ಹೇಳಬೇಕೇ ಎಂದು ದಿನಕರನಿಗೆ ಅಚ್ಚರಿ.

“ಮತ್ಯಾರು? ನೀ ಹೇಳಿದ್ದನ್ನ ಬರ್ದೇ ಅರ್ಧ ಸಂಸಾರ ಮಾಡಿದ್ದಿ ಆನು.”

ಎಷ್ಟು ತಿಂಗಳಾದವು ಯಾರಾದರೂ ದಿನಕರನನ್ನು ಹೀಗೆ ಕೇಳಿ. ಕುರ್ಚಿ ಎಳೆದುಕೊಂಡು ಕೂತ. ಬೆನ್ನು ತಾನಾಗಿ ಹಳೆಯ ಬಾಗನ್ನು ಹುಡುಕಿಕೊಂಡಿತು. ಹೇಳತೊಡಗಿದ. ವಾಕ್ಯಗಳು ಸಿದ್ಧವಾಗಿಯೇ ಬಂದವು, ಕ್ರಿಯಾಪದ ಎಲ್ಲಿರಬೇಕೋ ಅಲ್ಲೇ ಇಟ್ಟುಕೊಂಡು. ಬೀದಿದೀಪಗಳ ನಿರ್ವಹಣೆ ಕುರಿತು ಚರ್ಚೆ ನಡೆಯಿತು. ಬೀದಿನಾಯಿಗಳ ಹಾವಳಿ ತಡೆಗೆ ಕ್ರಮ ಕೈಗೊಳ್ಳಲು ನಿರ್ಧರಿಸಲಾಯಿತು. ಗೋವಿಂದನ ಹೆಬ್ಬೆರಳು ಗಾಜಿನ ಮೇಲೆ ಓಡುತ್ತಿತ್ತು. ಗಿರಣಿ ಓಣಿಯಲ್ಲಿ ಕಾಂಕ್ರೀಟ್ ರಸ್ತೆ ನಿರ್ಮಾಣದ ಹಿನ್ನೆಲೆಯಲ್ಲಿ ಅಲ್ಲಿನ ಸಾರ್ವಜನಿಕ ನಳವನ್ನು ತೆರವುಗೊಳಿಸುವ ಪ್ರಸ್ತಾವಕ್ಕೆ ಸಭೆ, ಎಂದು ಅಲ್ಲಿ ನಿಂತ.

ಗೋವಿಂದ ತಲೆಯೆತ್ತಿದ. “ಗಿರಣಿ ಓಣಿ ನಿನ್ನ ವಾರ್ಡಲ್ದಾ? ಆ ರೊಟ್ಟಿ ಅಜ್ಜಿ ಮನೆ ಎದ್ರಿನ ನಳ?”

“ಹೌದು.”

“ನೀ ಎಂತ ಹೇಳ್ದೆ?”

ಹೊರಗೆ ಕಂಡಕ್ಟರೊಬ್ಬ ಸಿದ್ದಾಪುರ ಸಿದ್ದಾಪುರ ಎಂದು ಕೂಗುತ್ತಿದ್ದ. ಊರಿನ ಹೆಸರು ಹೇಳುತ್ತ ಹೇಳುತ್ತ ಅರ್ಥ ಕಳೆದುಕೊಂಡು ಬರೀ ಸದ್ದಾಗಿತ್ತು. ಮೇಜಿನ ಮೇಲೆ ಚೆಲ್ಲಿದ ಚಹಾದ ಅಂಚಿನಲ್ಲಿ ಇರುವೆಯೊಂದು ಬಂದು ನಿಂತು, ಮೀಸೆ ಆಡಿಸಿ, ಅಂಚಿನುದ್ದಕ್ಕೂ ನಡೆಯಿತು. ಹೇಳಬೇಕು ಎಂದುಕೊಂಡ. ಏನೂ ಹೇಳಲಿಲ್ಲ ಎಂದು ಹೇಳಬೇಕು. ಈ ಮೇಜಿನಲ್ಲಿ ಅದನ್ನು ಹೇಳುವುದು ಕಷ್ಟವಲ್ಲ. ಗೋವಿಂದ ಒಂದು ಬಾರಿ ಬೈದು, ಇನ್ನೊಂದು ಚಹಾ ಹೇಳುತ್ತಾನೆ, ಅಷ್ಟೇ. ಆದರೆ ಗೋವಿಂದನ ಮುಖದಲ್ಲಿ ಎಂಥದೋ ಒಂದು ನಂಬಿಕೆ ಇತ್ತು. ನಮ್ಮ ಪೈಕಿಯವನೊಬ್ಬ ಅಲ್ಲಿ ಕೂತಿದ್ದಾನೆ ಎಂಬ, ಸ್ವಲ್ಪ ಹೊಟ್ಟೆಕಿಚ್ಚೂ ಬೆರೆತ, ಹೆಮ್ಮೆ. ದಿನಕರ ಅದನ್ನು ನೋಡುತ್ತ ಕೂತ. ಎಷ್ಟು ಹೊತ್ತು ಕೂತನೋ, ಗೋವಿಂದ ತನಗೆ ಬೇಕಾದ ಉತ್ತರ ಸಿಕ್ಕಿತೆಂಬಂತೆ ಮತ್ತೆ ಫೋನಿನ ಮೇಲೆ ಬಗ್ಗಿದ.

“ನಿನ್ನ ಬಾಯಿಂದ ನೀನೇ ಹೇಳ್ಕತ್ತಿಲ್ಲೆ, ಗೊತ್ತಿದ್ದು. ಬರ್ದಿ ನೋಡು. ಸದಸ್ಯ ದಿನಕರ ಹೆಗಡೆ ತೀವ್ರ ಆಕ್ಷೇಪ ವ್ಯಕ್ತಪಡಿಸಿದರು. ಬಡ ಕುಟುಂಬಗಳಿಗೆ ಅನ್ಯಾಯವಾಗಲಿದೆ ಎಂದು ಎಚ್ಚರಿಸಿದರು. ಆದಾಗ್ಯೂ ಬಹುಮತದಿಂದ ಅಂಗೀಕರಿಸಲಾಯಿತು. ಅಕ್ಕಲಾ?”

ದಿನಕರ ಬಾಯಿ ತೆರೆದ. “ಚಾ ತಣ್ದೋತು” ಎಂದ.

“ತೀವ್ರ ಹಾಕಿದ್ದಿ. ಬರೀ ಆಕ್ಷೇಪ ಅಂದ್ರೆ ಹುಬ್ಬಳ್ಳಿ ಡೆಸ್ಕಿನವು ಕತ್ತರಿಸ್ತ” ಎಂದು ಗೋವಿಂದ ನಗುತ್ತ ಫೋನನ್ನು ಕಿಸೆಗೆ ಇಳಿಬಿಟ್ಟ. ಬಿಲ್ಲು ಕೊಡಲು ದಿನಕರ ಕೈ ಹಾಕಿದರೆ ತಡೆದ. “ಬ್ಯಾಡ. ಸುದ್ದಿ ಕೊಟ್ಟವಂಗೆ ಚಾ, ಅದು ನೀನೇ ಮಾಡಿದ ರೂಲ್ಸು.”

ಮನೆಯಲ್ಲಿ ಹೆಂಡತಿ ಪರಿಮಳಾ ಹೀರೇಕಾಯಿಯ ಸಿಪ್ಪೆ ಹೆರೆಯುತ್ತಿದ್ದಳು. ಸಿಪ್ಪೆಯ ಚಟ್ನಿ ಮಾಡುವವಳು, ಆದ್ದರಿಂದ ಕಾಯಿಗಿಂತ ಸಿಪ್ಪೆಯ ಮೇಲೇ ಹೆಚ್ಚು ಜಾಗ್ರತೆ. ಅವನು ಚಪ್ಪಲಿ ಬಿಡುವ ಮೊದಲೇ ಹೇಳಿದಳು: “ರೊಟ್ಟಿ ಅಜ್ಜಿ ಫೋನ್ ಮಾಡಿತ್ತು. ನಳ ತೆಗೀತ್ವಡ ಹೇಳಿ ಯಾರೋ ಹೆದರ್ಸಿದ್ವಡ. ಅವ್ರು ಇಪ್ಪಾಗ ಹಂಗೆಲ್ಲ ಆಗ್ತಿಲ್ಲೆ, ನಿಶ್ಚಿಂತೆಯಿಂದ ಇರು ಅಂದಿ ಆನು. ಹೌದಲಾ?”

“ಹ್ಞೂಂ” ಎಂದ. ಅದು ಹೌದು ಎಂದೂ ಆಗಿರಲಿಲ್ಲ, ಕೇಳಿಸಿತು ಎಂದಷ್ಟೇ. ಆದರೆ ಪರಿಮಳಾ ಅದನ್ನು ಹೌದು ಎಂದೇ ತೆಗೆದುಕೊಂಡು ಸಿಪ್ಪೆಗೆ ಮರಳಿದಳು. ದಿನವಿಡೀ ಹೀಗೇ ಆಗುತ್ತಿದೆ ಎನ್ನಿಸಿತು. ತಾನು ಎಲ್ಲೆಲ್ಲಿ ಮಾತು ಬಿಟ್ಟು ಖಾಲಿ ಇಡುತ್ತೇನೋ ಅಲ್ಲೆಲ್ಲ ಬೇರೆಯವರು ಬಂದು ತಮ್ಮ ಪದ ಇಟ್ಟು ಹೋಗುತ್ತಿದ್ದಾರೆ, ಮತ್ತು ಆ ಪದಗಳೆಲ್ಲ ಸೇರಿ ಒಬ್ಬ ಮನುಷ್ಯ ಆಗುತ್ತಿದ್ದಾನೆ. ಆ ಮನುಷ್ಯ ತನಗಿಂತ ಚೆನ್ನಾಗಿದ್ದಾನೆ. ಅಂಗಳದ ಕಟ್ಟೆಯ ಮೇಲೆ ಕೂತು ಫೋನು ಹಿಡಿದುಕೊಂಡ. ಪುಟ ಹುಬ್ಬಳ್ಳಿಯಲ್ಲಿ ಕಟ್ಟುವುದು ಸಂಜೆ ಕಳೆದ ಮೇಲೆ, ಇನ್ನೂ ಸಮಯವಿತ್ತು. ಒಂದು ಸಾಲು ತೆಗೆಸಿದರೆ ಸಾಕು. ಎಷ್ಟು ಸಲ ತೆಗೆಸಿದ್ದಾನೆ, ಯಾರ್‍ಯಾರದೋ ಹೆಸರು, ಯಾರ್‍ಯಾರದೋ ಊರು. ಗೋವಿಂದನಿಗೆ ಸಂದೇಶ ಬರೆದ: ಆನು ಏನೂ ಮಾತಾಡಿದ್ದಿಲ್ಲೆ. ನೋಡಿದ. ಅದು ಸಭೆಯ ಬಗ್ಗೆ ಹೇಳಿದ ಹಾಗಿರಲಿಲ್ಲ, ಇಡೀ ಬದುಕಿನ ಬಗ್ಗೆ ಹೇಳಿದ ಹಾಗಿತ್ತು. ಅಳಿಸಿದ. ಕರೆಯನ್ನೇ ಮಾಡಿದ.

“ಎಂತೋ?” ಹಿಂದೆ ಟೀವಿಯ ಗದ್ದಲ.

“ಸುದ್ದಿ ಕಳಿಸಿದ್ಯಾ?”

“ಆಗ್ಲೇ. ಎಂತಕ್ಕೆ, ಬದಲ್ಸದು ಇತ್ತಾ?”

ಎದುರು ಮನೆಯ ಮಹಡಿಯಲ್ಲಿ ಯಾರೋ ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. “ಇಲ್ಲೆ” ಎಂದ ದಿನಕರ. “ಅಧ್ಯಕ್ಷೆ ಹೆಸ್ರು ಸರಿ ಬರದ್ಯಾ ಹೇಳಿ ಕೇಳ್ದಿ.”

ಬೆಳಿಗ್ಗೆ ಅವನು ಪತ್ರಿಕೆಯನ್ನು ಗೇಟಿನಿಂದಲೇ ಎತ್ತಿಕೊಂಡು, ಒಳಗೆ ತಾರದೆ, ನಿಂತೇ ನೋಡಿದ. ಮೂರು ತಾಲ್ಲೂಕಿನ ಸುದ್ದಿ ಹಾಕುವ ಪುಟದಲ್ಲಿ, ಯಲ್ಲಾಪುರದ ಮಂತ್ರಿಯ ಕೆಳಗೆ, ಚೌಕಟ್ಟಿನೊಳಗೆ ಇತ್ತು: ನಳ ತೆರವಿಗೆ ಸದಸ್ಯ ಹೆಗಡೆ ತೀವ್ರ ಆಕ್ಷೇಪ. ಪಕ್ಕದಲ್ಲಿ ಅವನ ಹಳೆಯ ಫೋಟೋ, ಪತ್ರಿಕೆಯ ಗುರುತಿನ ಚೀಟಿಗೆಂದು ತೆಗೆಸಿದ್ದು. ಕೂದಲು ದಟ್ಟವಾಗಿತ್ತು. ಅವನು ಆ ಸುದ್ದಿಯನ್ನು ಓದಿದ. ಎರಡನೆಯ ಸಲ ಓದುವಾಗ ಒಂದು ನಿಮಿಷದ ಮಟ್ಟಿಗೆ ಎಲ್ಲವೂ ನಡೆದದ್ದು ಹಾಗೆಯೇ ಎಂದು ನಂಬಿಕೆ ಬಂತು. ತಾನು ಎದ್ದು ನಿಂತದ್ದು, ಕುರ್ಚಿ ಹಿಂದೆ ಸರಿದ ಸದ್ದು, ಅನ್ಯಾಯ ಎಂಬ ಪದ ಸಭಾಂಗಣದ ಆ ತುದಿಯವರೆಗೆ ಹೋದದ್ದು. ಅಷ್ಟರಲ್ಲಿ ಫೋನು ರಿಂಗಾಯಿತು. ಶಿವಲಿಂಗಪ್ಪ.

“ಹೆಗಡೇರ, ನಿನ್ನೆ ನೀವು ಅಷ್ಟು ಗದ್ದಲಾ ಮಾಡಿದ್ದು ನನಗ ಕೇಳಿಸಲೇ ಇಲ್ಲ ನೋಡ್ರಿ. ಕಿವಿ ತೋರಿಸ್ಕೋಬೇಕು ಡಾಕ್ಟರಿಗೆ.”

“ಅದು, ಶಿವಲಿಂಗಪ್ಪನವರೇ...”

“ಏ, ಇರ್ಲಿ ಬಿಡ್ರಿ! ನಾವೇನು ಬರಿಸ್ಕೊಂಡಿಲ್ಲೇನು? ನಿಮ್ಮ ಕಡೆಯಿಂದನ ಎಷ್ಟು ಸಲ ಬರಿಸ್ಕೊಂಡೇವಿ. ಇಷ್ಟು ದಿವಸ ಈ ಮನಷ್ಯಾ ನಮ್ಮಾವ ಹೌದೋ ಅಲ್ಲೋ ಅಂತ ಎಲ್ಲರಿಗೂ ಒಂದ್ ಅನುಮಾನ ಇತ್ತು. ಈಗ ಹೋತು. ಸಂಜಿಗೆ ಮನಿಗೆ ಬರ್ರಿ, ಮಾತಾಡೂಣು.” ಅವರು ನಿಜವಾಗಿಯೂ ಸಂತೋಷದಿಂದಿದ್ದರು. ಕರೆ ಮುಗಿದ ಸ್ವಲ್ಪ ಹೊತ್ತಿಗೆ ಫೋನು ನಡುಗಿತು. ಸದಸ್ಯರ ಆ ಇನ್ನೊಂದು ಗುಂಪಿಗೆ ಅವನನ್ನು ಸೇರಿಸಲಾಗಿತ್ತು. ಯಾರೋ ಚಪ್ಪಾಳೆಯ ಚಿತ್ರ ಹಾಕಿದ್ದರು. ಅದರ ಕೆಳಗೆ ಇನ್ನೊಬ್ಬರು, ಮತ್ತೊಬ್ಬರು.

ಗಿರಣಿ ಓಣಿಯ ಬಾಯಿಯಲ್ಲಿ ಕಾಂಕ್ರೀಟು ಕಲಸುವ ಯಂತ್ರ ತಿರುಗುತ್ತಿತ್ತು. ನಳ ಇದ್ದಲ್ಲಿ ನೆಲದಿಂದ ಗೇಣುದ್ದ ಪೈಪು ಉಳಿದಿತ್ತು, ಅದರ ಬಾಯಿಗೆ ಮುಚ್ಚಳ ಬಿಗಿದಿದ್ದರು. ಸುತ್ತಲಿನ ನೆಲ ಇನ್ನೂ ಒದ್ದೆಯಿತ್ತು. ಕೆಲಸದವರು ಅವನನ್ನು ನೋಡಿ, ಸಾರ್ ಚಪ್ಪಲಿ ಹಾಳಾಗ್ತದೆ, ಆ ಬದಿಯಿಂದ ಬನ್ನಿ ಎಂದರು. ಮುರಿಗೆವ್ವನ ಮನೆಯ ಬಾಗಿಲಿಗೆ ಚಿಲಕ ಹಾಕಿತ್ತು. ಅವಳು ಎಲ್ಲಿದ್ದಾಳೆಂದು ಕೇಳಬೇಕಾಗಿರಲಿಲ್ಲ. ದಿನಕರ ಏರು ಹತ್ತಿದ.

ದೊಡ್ಡ ರಸ್ತೆಯ ನಳದ ಹತ್ತಿರ ಕೊಡಗಳ ಸಾಲು. ಅವನು ಕಂಡೊಡನೆ ಹೆಂಗಸರು ಸೆರಗು ಸರಿಮಾಡಿಕೊಂಡು ಮಾತು ನಿಲ್ಲಿಸಿದರು. ಮುರಿಗೆವ್ವ ಸಾಲಿನ ಮಧ್ಯೆ ತನ್ನ ಕೊಡದ ಮೇಲೇ ಕೈಯೂರಿ ಕೂತಿದ್ದಳು, ಎದ್ದಳು. “ಬರ್ರಿ ಬರ್ರಿ, ಪೇಪರ್ ಹೆಗಡೇರ. ಈಗ ನಿಮ್ಮದ ಮಾತಾಡಾಕ ಹತ್ತಿದ್ವಿ. ಈ ದಾಕ್ಷಾಯಿಣಿ ಪೇಪರ್ ಓದಿ ಹೇಳಿದ್ಲು. ಎಂಥಾ ಮಾತು ಅಂದೀರಿ ಯಪ್ಪಾ! ಬಡವರಿಗೆ ಅನ್ಯಾಯ ಅಂತ ಅಷ್ಟು ಮಂದ್ಯಾಗ ಅನ್ನಾಕ ಎದಿ ಬೇಕು.”

“ಮುರಿಗೆವ್ವಾ, ನಾನು ಮಾತಾಡಲಿಲ್ಲ.”

“ಏನಂದ್ರಿ?”

“ನಿನ್ನೆ ಸಭೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಪೇಪರಿನಲ್ಲಿ ಬಂದದ್ದು ಸುಳ್ಳು.”

ಅದನ್ನು ಅವನು ಸಣ್ಣ ದನಿಯಲ್ಲಿ ಹೇಳಲಿಲ್ಲ. ಸಾಲಿನಲ್ಲಿದ್ದವರೆಲ್ಲ ಕೇಳಲಿ ಎಂದೇ ಹೇಳಿದ, ಮತ್ತು ಹೇಳಿದ ಮೇಲೆ ಮೈಯೆಲ್ಲ ತೆಳ್ಳಗಾದಂತಾಗಿ ಕಾದ. ಮುರಿಗೆವ್ವ ಅವನ ಮುಖ ನೋಡಿದಳು. ಆಮೇಲೆ ಉಳಿದ ಹಲ್ಲುಗಳನ್ನೆಲ್ಲ ತೋರಿಸಿ ನಕ್ಕುಬಿಟ್ಟಳು.

“ನೋಡ್ರೇ, ನೋಡ್ರಿ. ದೊಡ್ಡ ಮನಷ್ಯಾರು ಹೀಂಗ ಅಂತಾರ. ನಾ ಮಾಡಿಲ್ಲ, ನಾ ಮಾಡಿಲ್ಲ ಅಂತಾರ. ಪೇಪರ್‌ನ್ಯಾಗ ಸುಳ್ಳು ಬರ್ತೈತೇನ್ರೀ? ನಳಾ ಉಳೀಲಿಲ್ಲ ಅಂತ ಹೊಟ್ಟಿಗೆ ಹಚ್ಕೊಂಡೀರಿ ನೀವು. ಅಷ್ಟು ಮಂದಿ ಒಂದಾದ್ರ ಒಬ್ಬಾವ ಏನ್ ಮಾಡ್ತೀರಿ?”

“ನಿಜ ಹೇಳ್ತಿದ್ದೇನೆ.”

“ಹೌದ್ರೀ ಸಾಹೇಬ್ರ” ಎಂದಳು ದಾಕ್ಷಾಯಿಣಿ, ಬೇಸರವಾಗಲಿ ಮರ್ಯಾದೆಯಾಗಲಿ ಇಲ್ಲದ ದನಿಯಲ್ಲಿ. “ಸ್ವಲ್ಪ ಆ ಕಡೆ ನಿಂದರ್ರಿ, ಕೊಡಾ ಇಡಾಕ ಜಾಗಾ ಬೇಕು.”

ಅವನು ಆ ಕಡೆ ನಿಂತ. ಸರದಿ ಮೆಲ್ಲಗೆ ಸರಿಯಿತು. ಮುರಿಗೆವ್ವನ ಕೊಡ ತುಂಬಿತು, ಯಾರೋ ಎತ್ತಿ ಅವಳ ಸೊಂಟಕ್ಕೆ ಕೊಟ್ಟರು, ಅವಳು ಇಳಿಜಾರಿಗೆ ತಿರುಗಿದಳು. ದಿನಕರ ಹಿಂದೆ ನಡೆದ. ಕೊಡ ಕೊಡಿ ಎಂದು ಕೈಚಾಚಿದರೆ, ಬ್ಯಾಡ್ರಿ, ಮಂದಿ ನೋಡ್ತಾರ ಎಂದಳು. ಅವಳ ಬಲಗಾಲು ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಹೊರಗೆ ಒಂದು ಸಣ್ಣ ಸುತ್ತು ಹೊಡೆದು ನೆಲಕ್ಕೆ ಬರುತ್ತಿತ್ತು. ಇದನ್ನು ಅವನು ಎಂದೂ ನೋಡಿರಲಿಲ್ಲ, ಅಥವಾ ನೋಡಿ ಫೋಟೋದಲ್ಲಿ ಬರುವಂಥದ್ದಲ್ಲವೆಂದು ಬಿಟ್ಟಿದ್ದ. ಅರ್ಧ ದಾರಿಯಲ್ಲಿ ಅವಳು ಒಂದು ಅಂಗಡಿಯ ಮುಚ್ಚಿದ ಬಾಗಿಲ ಮೆಟ್ಟಿಲಿನ ಮೇಲೆ ಕೊಡ ಇಳಿಸಿ, ಪಕ್ಕದಲ್ಲಿ ಕೂತಳು. ಉಸಿರು ಸೀಟಿಯ ಹಾಗೆ ಬರುತ್ತಿತ್ತು. ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೆಳಗೆ ಯಂತ್ರದೊಳಗೆ ಜಲ್ಲಿ ಉರುಳುವ ಸದ್ದು.

“ಗುಮಾಸ್ತರು ಓದಿದರು” ಎಂದ ದಿನಕರ. ಅವಳನ್ನು ನೋಡದೆ, ಕೊಡದ ಬಾಯಲ್ಲಿ ಅಲುಗುವ ನೀರನ್ನು ನೋಡುತ್ತ ಹೇಳಿದ. “ಗಿರಣಿ ಓಣಿ ಅಂತಲೇ ಓದಿದರು. ನನಗೆ ಕೇಳಿಸಿತು. ಬೇಡ ಅನ್ನೋರು ಯಾರು ಅಂತ ನಾನು ಎಲ್ಲರ ಮುಖ ನೋಡ್ತಾ ಕೂತಿದ್ದೆ. ಬರಕೊಳ್ಳೋದಕ್ಕೆ. ಅಧ್ಯಕ್ಷೆ ನನ್ನ ಕಡೆ ನೋಡಿದರು. ಮಾತಾಡಲಿ ಅಂತ ಕಾದರು. ನಾನು ಹಿಂದೆ ತಿರುಗಿ ನೋಡಿದೆ.”

“ಹಿಂದ ಯಾರಿದ್ರು?”

“ಯಾರೂ ಇರಲಿಲ್ಲ.”

ಮುರಿಗೆವ್ವ ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು, ಕುತ್ತಿಗೆ ಒರೆಸಿಕೊಂಡಳು, ಒರೆಸುವುದು ಮುಗಿದ ಮೇಲೂ ಸೆರಗು ಕೈಯಲ್ಲೇ ಇತ್ತು. ಕೆಳಗಿನ ಓಣಿಯನ್ನು ನೋಡಿದಳು, ತಾನು ಇನ್ನು ಮುಂದೆ ಹತ್ತಿ ಇಳಿಯಬೇಕಾದ ದಾರಿಯನ್ನು ಕಣ್ಣಿನಿಂದಲೇ ಒಮ್ಮೆ ನಡೆದು ಬಂದಂತೆ. ದಿನಕರ ಕಾದ. ಬೈಯಲಿ ಎಂದು ಕಾದ. ಹೋಗಲಿ ಬಿಡ್ರಿ ಎನ್ನಬಹುದೆಂದೂ ಕಾದ. ಅವಳು ಎರಡನ್ನೂ ಹೇಳಲಿಲ್ಲ. ಆ ಸುಮ್ಮನಿರುವಿಕೆಯೊಳಗೆ ಏನಿದೆಯೆಂದು ಅವನಿಗೆ ಗೊತ್ತಾಗಲಿಲ್ಲ, ಅಲ್ಲಿ ತನ್ನದೊಂದು ಪದ ಇಡಲು ಧೈರ್ಯವೂ ಬರಲಿಲ್ಲ. ಬಿಸಿಲು ಮೆಟ್ಟಿಲಿನ ಅಂಚಿಗೆ ಬಂದು, ಕೊಡದ ಹೊಟ್ಟೆಯ ಮೇಲೆ ಏರಿತು.

ಅವಳು ಮೊಣಕಾಲಿಗೆ ಕೈಯೂರಿ ಎದ್ದು, ಸೊಂಟ ಬಾಗಿಸಿ ನಿಂತಳು.

“ಎತ್ತಿ ಕೊಡ್ರಿ, ಮೆಂಬರ್ರ” ಎಂದಳು.

ಅವನು ಎತ್ತಿ ಕೊಟ್ಟ. ಕೊಡ ಅವನೆಣಿಸಿದ್ದಕ್ಕಿಂತ ಭಾರವಿತ್ತು.